ಮಮತಾಳ ಮದುವೆಯ ರಾಗ

ಬೆಟಗೇರಿಯ ಚರ್ಚಿನ ಬಾಗಿಲಲ್ಲಿ ಮಮತಾ ಬಿಳಿ ಸೀರೆಯುಟ್ಟು, ಸೋದರಮಾವನ ಕೈ ಹಿಡಿದು ನಿಂತುಬಿಟ್ಟಿದ್ದಳು. ಒಳಗೆ ಬರವಲ್ಲಳು. "ಅಪ್ಪ ಬಾರಿಸಿದರ ಬರತೀನಿ. ಇಲ್ಲಾಂದ್ರ ಹಿಂಗಽ ಮನಿಗೆ ಹೊಳ್ಳಿ ಹೋಗತೀನಿ" ಎಂದು ತಾಯಿ ರೂತವ್ವನಿಗೆ ಹೇಳಿ ಕಳಿಸಿದ್ದಳು.

ಅಪ್ಪ ಎಲೀಶಪ್ಪ ಮಾಸ್ತರ ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕುಂತಿದ್ದ. ಆರ್ಗನ್ ಮೂಲೆಯಲ್ಲಿ ಮುಚ್ಚಳ ಮುಚ್ಚಿಕೊಂಡಿತ್ತು. ಮೀಸೆ ಮೂಡುವ ವಯಸ್ಸಿನಿಂದ ಅದರ ಮುಂದೆ ಕುಂತವನು ಅವನು. ಚರ್ಚಿನ ಸಭೆಯಲ್ಲಿ ಯಾರ ಮದುವೆಯಾದರೂ ಆ ಜೋಡಿಗೆಂದೇ ಹೊಸ ರಾಗ ಕಟ್ಟುವುದು ಅವನ ಪದ್ಧತಿ; ಒಬ್ಬರಿಗೆ ಬಾರಿಸಿದ್ದು ಇನ್ನೊಬ್ಬರಿಗಿಲ್ಲ. ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದಲೂ ಜನ ಬಂದು, "ಮಾಸ್ತರ, ನಮ್ಮ ಹುಡುಗಿಗೂ ಒಂದು ಕಟ್ಟಿಕೊಡ್ರಿ" ಅನ್ನುತ್ತಿದ್ದರು. ಸ್ವಂತ ಮಗಳಿಗೆ ಮಾತ್ರ ಏನೂ ಕಟ್ಟಿಲ್ಲ ಅಂತ ಊರೆಲ್ಲ ಮಾತು.

ಸಿಟ್ಟು ಅಳಿಯನಾಗುವವನ ಮೇಲೆ. ಸಭೆಯ ಕಮಿಟಿಯಲ್ಲಿ ಹೊನ್ನೇಶ ಎದ್ದುನಿಂತು, "ಈ ಕೆಮ್ಮೂ ಪೆಟಿಗಿ ಗುಜರಿಗೆ ಹಾಕಿ ಕೀಬೋರ್ಡ್ ತರೂಣು" ಅಂದಿದ್ದ. ಆಮೇಲೆ ತಪ್ಪಾತು ಅಂತ ಮನೆಗೇ ಬಂದ. ಎಲೀಶಪ್ಪ ಅವನಿಗೆ ಕುಂಡ್ರು ಅಂತ ಸಹ ಅನ್ನಲಿಲ್ಲ. "ಮದುವಿ ಮಾಡ್ಕೋರಿ, ಬ್ಯಾಡ ಅನ್ನಂಗಿಲ್ಲ. ಆದರ ನಾ ಬಾರಸಂಗಿಲ್ಲ."

ಈಗ ಹೊನ್ನೇಶನೇ ಮುಂದೆ ಬಂದು ಬಗ್ಗಿದ. "ಮಾವ್ರ, ಕಾಲಿಗೆ ಬೀಳತೀನಿ."

"ಮಾವ ಅನಬ್ಯಾಡ. ಇನ್ನಾ ಆಗಿಲ್ಲ."

ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಹುಡುಗನ ತಾಯಿ ನಗಲಿಲ್ಲ. "ಏನವಾ ಬೀಗತಿ, ನಿಮ್ಮ ಮನಿಯವರ ಮುನಿಸು ಇಳಿಯೂದರಾಗ ನನ್ನ ಮಗನ ಮೀಸಿ ಬೆಳ್ಳಗಾಗತಾವು. ಏಳ್ರಿ, ಹೋಗೂಣು" ಎಂದು ಸೆರಗು ಸುತ್ತಿಕೊಂಡು ಎದ್ದಳು. ಆಕೆಯ ಕಡೆಯವರೂ ಒಬ್ಬೊಬ್ಬರಾಗಿ ಎದ್ದರು. ಮದುವೆ ನಡೆಸಬೇಕಿದ್ದ ಸಭಾಪಾಲಕರು ಪುಸ್ತಕ ಮುಚ್ಚಿ ರೂತವ್ವನ ಮುಖ ನೋಡಿದರು.

ರೂತವ್ವ ಸೀದಾ ಹೋಗಿ ಆರ್ಗನ್ನಿನ ಮುಚ್ಚಳ ಎತ್ತಿದಳು. ಗಂಡನ ಹತ್ತಿರ ಬಗ್ಗಿ, "ಬಾರಸಬ್ಯಾಡ್ರಿ. ಬಂದು ಆ ಜಾಗಾದಾಗ ಸುಮ್ಮನ ಕುಂಡ್ರಿ, ಅಷ್ಟು ಸಾಕು" ಅಂದಳು.

ಅವನು ಎದ್ದ. ಹೋಗಿ ಕುಂತ, ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡು ಕುಂತ. ಕಾಲಲ್ಲಿ ತುಳಿದು ಗಾಳಿ ತುಂಬಿಸದಿದ್ದರೆ ಆರ್ಗನ್ ಮೂಕ ಮರ. ಆದರೆ ಅವನ ಕೈ ಕಪ್ಪು ಬಿಳಿ ಸ್ವರದ ಮಣೆಗಳ ಮೇಲೆ ಬಂತು, ಬೆರಳು ಆಡತೊಡಗಿದವು. ಸಪ್ಪಳವಿಲ್ಲ. ಕುಂತವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ರೂತವ್ವನಿಗೆ ಬೆರಳು ಕಂಡವು. ಅವನು ಕಟ್ಟಿದ ರಾಗಗಳೆಲ್ಲ ಮನೆಯ ಹಾರ್ಮೋನಿಯಂ ಮೇಲೆ ಆಕೆಯ ಎದುರಿಗೇ ಹುಟ್ಟಿದಂಥವು. ಈ ಬೆರಳಿನ ಓಟ ಮಾತ್ರ ಆಕೆ ಎಂದೂ ನೋಡಿರಲಿಲ್ಲ.

ಕಟ್ಯಾನ! ಕಟ್ಟಿ ಹೊಟ್ಟಿಯೊಳಗ ಇಟಗೊಂಡಾನ!

ರೇಷ್ಮೆ ಸೀರೆಯ ಪರಿವೆ ಬಿಟ್ಟು ಆಕೆ ನೆಲಕ್ಕೆ ಮೊಣಕಾಲೂರಿ, ತುಳಿಯುವ ಹಲಗೆಗಳನ್ನು ಎರಡೂ ಅಂಗೈಯಿಂದ ಒತ್ತಿದಳು. ಆರ್ಗನ್ ಮೊದಲು ಆಡಿನ ಮರಿಯಂತೆ ಒದರಿತು. ಎಲೀಶಪ್ಪ ಬೆಚ್ಚಿದ, ಬೆರಳು ನಿಲ್ಲಲಿಲ್ಲ. ಮತ್ತೊಮ್ಮೆ ಒತ್ತಿದಳು. ರಾಗ ಎದ್ದಿತು.

ಹೊರಟಿದ್ದ ಬೀಗತಿ ಹೊಳ್ಳಿ ನಿಂತಳು. ಮಮತಾ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು.

ಆದರೆ ಅಂಗೈಗೆಲ್ಲಿಯ ಬಲ? ಗಾಳಿ ಒಮ್ಮೆ ಉಬ್ಬಿ ಒಮ್ಮೆ ಇಳಿದು, ರಾಗ ಜೋಲಿ ಹೊಡೆಯತೊಡಗಿತು. ಸ್ವರ ಅಡಗುತ್ತ ಬಂತು. ನಟ್ಟನಡುವೆ ಮಮತಾ ನಿಂತಳು.

"ಸರೀಲೇ ಅತ್ತಾಗ!" ಎಲೀಶಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ರಾಗದ ಕುತಗಿ ಹಿಚಕಾಕತ್ತೀ."

"ಹಂಗಾರ ನೀವಽ ತುಳೀರಿ."

ಅವನ ಪಾದ ಬಂದು ಆಕೆಯ ಕೈಯನ್ನು ಮೆಲ್ಲಗೆ ಬದಿಗೆ ನೂಕಿತು. ಒಂದು ಕಾಲು, ಆಮೇಲೆ ಇನ್ನೊಂದು. ರಾಗ ಮೈತುಂಬಿ ಗೋಡೆಯಿಂದ ಗೋಡೆಗೆ ಹರಿಯಿತು.

ರೂತವ್ವ ಅಲ್ಲೇ ನೆಲದ ಮೇಲೆ ಕುಂತಳು. ಮಗಳ ನಡಿಗೆ ನೋಡಬೇಕೆಂದರೆ ಆರ್ಗನ್ನಿನ ಮರ ಅಡ್ಡ. ಕಿವಿಗೊಟ್ಟಳು. ಬಳೆಯ ಸಪ್ಪಳ ಹತ್ತಿರ ಬರುತ್ತಿತ್ತು.