ಎರಡು ಕ್ಷಣದ ಶಬ್ದ

ಹಳೇ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು ಎನ್ನುವುದು ಮೇಸ್ತ್ರಿಯವರ ಮೊದಲ ಪಾಠ. ಬಾನೆಟ್ಟು ಬೆಚ್ಚಗಿದ್ದರೆ ಮಾರುವವನು ನೀವು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದಾನೆ, ಅಂದರೆ ಮುಚ್ಚಿಡುವಂಥದ್ದು ಏನೋ ಇದೆ. ಹಳೇ ಎಂಜಿನ್ನು ನಿಜ ಹೇಳುವುದು ತಣ್ಣಗಿದ್ದಾಗ ಮಾತ್ರ. ನಲವತ್ತು ವರ್ಷ ಗ್ಯಾರೇಜು ನಡೆಸಿದ ಅವರು ಈ ಮಾತನ್ನು ಊರಿಗೆಲ್ಲ ಪುಕ್ಕಟೆ ಹಂಚಿದ್ದರು. ಊರಿನವರು ತಲೆಯಾಡಿಸಿ, ಬಣ್ಣ ನೋಡಿ ಕಾರು ಕೊಳ್ಳುತ್ತಿದ್ದರು.

ಈ ಸಲ ಕಾರು ಬೇಕಾಗಿದ್ದುದು ಅವರ ಮಗಳಿಗೇ. ಅವಳು ಮನೆಮನೆಗೆ ಹೋಗುವ ನರ್ಸು. ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಹಿಂದಿನ ವಾರ ಅವಳ ಕಾರು ನಡುರಸ್ತೆಯಲ್ಲಿ ಕೈಕೊಟ್ಟು, ಒಬ್ಬ ಅಜ್ಜಿ ಬೆಳಗಿನ ಇಂಜೆಕ್ಷನ್ನಿಗೆ ಮಧ್ಯಾಹ್ನದವರೆಗೆ ಬಾಗಿಲು ನೋಡುತ್ತ ಕೂತಿದ್ದಳು. ಅದು ನರ್ಸಿನ ಮನಸ್ಸನ್ನು ಕೊರೆಯುತ್ತಿತ್ತು. ಇನ್ನೊಮ್ಮೆ ಹಾಗಾಗಬಾರದು ಎಂದುಕೊಂಡೇ ಅಪ್ಪನನ್ನು ಹೊರಡಿಸಿದ್ದಳು.

ಹೊರಡಿಸಿದ ಮೇಲೆ ಹೆದರಿಕೆ ಶುರುವಾಯಿತು. ಮೇಸ್ತ್ರಿಯವರ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಹತ್ತಿರ ನಿಂತು ಮಾತಾಡಿದರೆ ಕೇಳುತ್ತಿತ್ತೇ ಹೊರತು ಸಣ್ಣ ಶಬ್ದ, ತೆಳು ಶಬ್ದ ಒಂದೂ ಒಳಗೆ ಇಳಿಯುತ್ತಿರಲಿಲ್ಲ. ಅದನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. "ಈಗಿನ ಜನಕ್ಕೆ ಬಾಯಿ ಬಿಟ್ಟು ಮಾತಾಡೋಕೇ ಸೋಮಾರಿತನ" ಎಂದು ಲೋಕದ ಮೇಲೆ ಗೂಬೆ ಕೂರಿಸುತ್ತಿದ್ದರು. ಎಲ್ಲಿಗೆ ಹೋದರೂ ತಾವೇ ಕಾರು ಓಡಿಸುತ್ತಿದ್ದರು. ಆಗ ಎಡಗಿವಿ ಪಕ್ಕದವರ ಕಡೆಗಿರುತ್ತಿತ್ತು. ನರ್ಸಿಗೆ ಇದೆಲ್ಲ ಎರಡು ವರ್ಷದಿಂದ ಗೊತ್ತು. ಕಿವಿಯಿಂದಲೇ ಸಂಸಾರ ಸಾಕಿದ ಮನುಷ್ಯನಿಗೆ ನಿನ್ನ ಕಿವಿ ಹೋಯಿತು ಎಂದು ಯಾವ ಬಾಯಿಂದ ಹೇಳುವುದು?

ಹಳೇ ಕಾರುಗಳ ಅಂಗಳದಲ್ಲಿ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಒಂದು ನೀಲಿ ಡೀಸೆಲ್ ಕಾರು. ತೊಳೆದು, ಒರೆಸಿ, ಮದುವಣಗಿತ್ತಿಯಂತೆ ನಿಲ್ಲಿಸಿದ್ದರು.

"ಮೈಲೇಜು ಕೇಳಲೇಬೇಡಿ ಮೇಡಂ," ಎಂದ ಅಂಗಳದ ಮಾಲೀಕ. ನಗು ಅವನ ಮುಖದಲ್ಲಿ ಖಾಯಂ ಬಾಡಿಗೆಗಿತ್ತು.

ಮೇಸ್ತ್ರಿ ಬಾನೆಟ್ಟಿನ ಮೇಲೆ ಕೈಯಿಟ್ಟು, ತೆಗೆದು, ಮಗಳ ಕಡೆ ತಿರುಗಿದರು. "ದೋಸೆ ಹುಯ್ಯಬಹುದು. ಹೋಗಲಿ ಬಿಡು. ದಿನಕ್ಕೆ ಎಷ್ಟು ದೂರ ಓಡಾಡ್ತೀಯ ನೀನು?"

"ಇಲ್ಲಿಂದ ಅಲ್ಲಿಗೆ ಅಪ್ಪಾ. ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ಕಿಲೋಮೀಟರು, ಮೂರು ಕಿಲೋಮೀಟರು."

"ಮತ್ತೆ? ಈ ಡೀಸೆಲ್ ಎಂಜಿನ್ ಮೈ ಬಿಸಿ ಮಾಡ್ಕೊಳ್ಳೋದ್ರೊಳಗೆ ನೀನು ಇಳಿದು ಬಾಗಿಲು ತಟ್ತಿರ್ತೀಯ. ಹೊಗೆ ಸೋಸೋ ಫಿಲ್ಟರಲ್ಲಿ ಮಸಿ ಕಟ್ಕೊಳ್ಳುತ್ತೆ. ದೂರ ಓಡಿದ್ರೆ ತಾನೇ ಅದು ಸುಟ್ಟು ಹೋಗೋದು? ನಿಂಗೆ ಪೆಟ್ರೋಲೇ ಸರಿ. ಸಣ್ಣ ಎಂಜಿನ್, ಸಣ್ಣ ಕಾರು."

ಹಿಂದಿನ ಸಾಲಿನಲ್ಲಿ, ಧೂಳು ಮೆತ್ತಿಕೊಂಡು, ಬೂದು ಬಣ್ಣದ ಪೆಟ್ರೋಲ್ ಕಾರೊಂದು ನಿಂತಿತ್ತು. ಬಾನೆಟ್ಟು ತಣ್ಣಗಿತ್ತು. ಮೇಸ್ತ್ರಿಯವರ ಬೆನ್ನು ತಾನಾಗಿ ನೆಟ್ಟಗಾಯಿತು. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಒಳಮೈ ನೋಡಿದರು. ಅಲ್ಲಿ ಹಾಲಿನಂಥ ನೊರೆ ಕಂಡರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ನೊರೆ ಇರಲಿಲ್ಲ. ಟೈರಿನ ಒಳಅಂಚನ್ನು ಬೆರಳಿಂದ ಸವರಿದರು. ಒಳಗೆ ನೀರು ನುಗ್ಗಿದ ವಾಸನೆ ಇದೆಯೇ ಎಂದು ಕಾಲಡಿಯ ಮ್ಯಾಟು ಎತ್ತಿ ಮೂಸಿದರು. ಕಾರಿಗೆ ಹೀಗೆ ಮೂಗು ಹಚ್ಚುವ ಅಪ್ಪ ಊಟದ ತಟ್ಟೆಯನ್ನು ನೋಡದೆಯೇ ತಿನ್ನುತ್ತಾರೆ ಎಂದು ನೆನಪಾಗಿ ನರ್ಸಿಗೆ ನಗು ಬಂತು. ಅವರನ್ನು ಇಷ್ಟು ಖುಷಿಯಾಗಿ ನೋಡಿ ಎಷ್ಟೋ ದಿನವಾಗಿತ್ತು.

"ಸ್ಟಾರ್ಟ್ ಮಾಡಿ," ಎಂದರು ಮೇಸ್ತ್ರಿ.

ಮಾಲೀಕ ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು. ಏಳುವಾಗ ಎರಡೇ ಎರಡು ಕ್ಷಣ, ತಗಡಿನ ಡಬ್ಬಿಯೊಳಗೆ ಮೊಳೆ ಕುಲುಕಿದಂತೆ ಟಕಟಕಟಕ ಎಂದಿತು. ಆಮೇಲೆ ಸದ್ದಡಗಿ ಹದವಾಗಿ ಓಡತೊಡಗಿತು.

ತಲೆ ವಾಲಿಸಿ ನಿಂತಿದ್ದ ಮೇಸ್ತ್ರಿ ಮುಖ ಅರಳಿಸಿದರು. "ನೋಡಿದ್ಯಾ? ಗಡಿಯಾರ ಇದ್ದಂಗಿದೆ! ಒಂದು ಚೂರು ಶಬ್ದ ಇಲ್ಲ."

ನರ್ಸಿಗೆ ಆ ಟಕಟಕ ಸ್ಪಷ್ಟವಾಗಿ ಕೇಳಿಸಿತ್ತು. ಮಾಲೀಕ ಮೊದಲು ಅವಳನ್ನು ನೋಡಿದ, ಆಮೇಲೆ ಮುದುಕನನ್ನು. ಅವನಿಗೂ ಕೇಳಿಸಿತ್ತು. ಅವನ ಬಾಡಿಗೆ ನಗು ತುಸು ಅಗಲವಾದದ್ದು ಕಂಡು ಅವಳ ಮೈಯೆಲ್ಲ ಉರಿಯಿತು. ಬಾಯಿ ಬಿಟ್ಟರೆ ಈ ಮನುಷ್ಯನ ಎದುರಿಗೇ ಅಪ್ಪನ ಮರ್ಯಾದೆ ಹೋಗುತ್ತದೆ. ಸುಮ್ಮನಿದ್ದರೆ ಇನ್ನೊಬ್ಬ ಅಜ್ಜಿ ಎಲ್ಲೋ ಬಾಗಿಲು ನೋಡುತ್ತ ಕೂರುತ್ತಾಳೆ.

ಆಗ ಅವಳಿಗೆ ಗ್ಯಾರೇಜು ನೆನಪಾಯಿತು. ಎಂಟು ವರ್ಷದವಳಿದ್ದಾಗ ಸಂಜೆ ಶಾಲೆ ಮುಗಿಸಿ ಬಂದು ಎಣ್ಣೆ ಡ್ರಮ್ಮಿನ ಮೇಲೆ ಕೂರುತ್ತಿದ್ದಳು. ಅಪ್ಪ ಕೆಟ್ಟ ಎಂಜಿನ್ನೊಂದನ್ನು ಓಡಿಸಿ, "ಒಂದು ಚೂರು ಶಬ್ದ ಇಲ್ಲ, ಅಲ್ವಾ?" ಎಂದು ಬೇಕೆಂದೇ ಸುಳ್ಳು ಹೇಳುತ್ತಿದ್ದರು. "ಇದೆ!" ಎಂದು ಅವಳು ಹಿಡಿದುಬಿಟ್ಟರೆ, ಎಣ್ಣೆ ಹತ್ತಿದ ಬೆರಳಿಂದ ಅವಳ ಮೂಗಿನ ತುದಿಗೆ ಕಪ್ಪು ಬೊಟ್ಟು. ಅದೇ ಬಹುಮಾನ.

ಅವಳು ಅಪ್ಪನ ಎಡಗಡೆಗೆ ಹೋಗಿ ನಿಂತಳು. "ಅಪ್ಪಾ, ನಂಗೆ ನಲವತ್ತೆರಡಾಯ್ತು! ಇನ್ನೂ ಪರೀಕ್ಷೆ ಮಾಡೋದು ಬಿಟ್ಟಿಲ್ವಲ್ಲ ನೀನು?"

ಮೇಸ್ತ್ರಿ ಅವಳ ಮುಖವನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಬಣ್ಣ ಇಳಿಯಿತು.

"ಹೂಂ," ಎಂದರು ಕೊನೆಗೆ. "ಹೇಳು ಮತ್ತೆ. ಏನು ಕೇಳಿಸ್ತು?"

ದಿನವೂ ನಾಡಿ ಹಿಡಿಯುವ ಕೈ ಅವಳದು. ಅಪ್ಪನ ಅಂಗೈ ಬಿಡಿಸಿ, ಅದರ ಮೇಲೆ ಎರಡು ಬೆರಳಿಂದ ಬಿರುಸಾಗಿ ತಟ್ಟಿದಳು, ಟಕಟಕಟಕ, ಎರಡು ಕ್ಷಣ. ನಿಲ್ಲಿಸಿದಳು. "ಹಿಂಗೆ. ಸ್ಟಾರ್ಟ್ ಆಗುವಾಗ ಮಾತ್ರ. ಆಮೇಲೆ ಇಲ್ಲ."

ಮೇಸ್ತ್ರಿ ಕಣ್ಣು ಮುಚ್ಚಿದರು. ತೆರೆದಾಗ ಅಲ್ಲಿ ಹಳೇ ಮೇಸ್ತ್ರಿಯೇ ಇದ್ದರು. "ಟೈಮಿಂಗ್ ಚೈನು," ಎಂದರು ಮಾಲೀಕನಿಗೆ. "ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಸವೆದಿದೆ. ಎಣ್ಣೆ ಮೇಲೆ ಏರೋವರೆಗೆ ಚೈನು ಬಡ್ಕೊಳ್ಳುತ್ತೆ. ಹಂಗೇ ಬಿಟ್ರೆ ಒಂದಿನ ಹಲ್ಲು ಹಾರಿ ಎಂಜಿನ್ನೇ ಹೋಗುತ್ತೆ. ಚೈನು, ಟೆನ್ಷನರ್ ಎರಡೂ ಹೊಸದು ಹಾಕ್ಸಿ. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಆಮೇಲೆ ಬರ್ತೀವಿ."

ಮಾಲೀಕನ ನಗು ಮನೆ ಖಾಲಿ ಮಾಡಿತು. "ಆಯ್ತು ಯಜಮಾನ್ರೇ," ಎಂದ.

ಮೇಸ್ತ್ರಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಬೆರಳಿಗೆ ಹಚ್ಚಿಕೊಂಡು, ಬಿಳಿ ಸಮವಸ್ತ್ರದ ನರ್ಸಿನ ಮೂಗಿನ ತುದಿಗೆ ಕಪ್ಪು ಬೊಟ್ಟಿಟ್ಟರು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ವಾರದ ನಂತರ ಹೋದಾಗ ಬಾನೆಟ್ಟು ತಣ್ಣಗೇ ಇತ್ತು. ಕೀಲಿ ತಿರುಗಿಸಿದಾಗ ಮೇಸ್ತ್ರಿ ಎಂಜಿನ್ನಿನ ಕಡೆ ನೋಡಲಿಲ್ಲ, ಮಗಳ ಮುಖ ನೋಡಿದರು. ಏನೂ ಇಲ್ಲ ಎಂದು ಅವಳು ತಲೆಯಾಡಿಸಿದಳು.

ಅಂಗಳದಿಂದ ಹೊರಡುವಾಗ ಅವರೇ ಓಡಿಸುತ್ತಾರೆ ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು. ಮೇಸ್ತ್ರಿ ಕೀಲಿಯನ್ನು ಅವಳ ಕೈಗೆ ಕೊಟ್ಟು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಹೋದ ಕಿವಿ ಈಗ ಅವಳ ಕಡೆಗಿತ್ತು.

"ಅವತ್ತು ನಾನು ಪರೀಕ್ಷೆ ಮಾಡಿರ್ಲಿಲ್ಲ, ಪುಟ್ಟಿ," ಎಂದರು ಮುಂದಿನ ರಸ್ತೆ ನೋಡುತ್ತ.

"ಗೊತ್ತು ಅಪ್ಪಾ," ಎಂದಳು. ಅದು ಅವರಿಗೆ ಕೇಳಿಸಲಿಲ್ಲ.

ಕೆಂಪು ದೀಪ ಬಿದ್ದು ಕಾರು ನಿಂತಿತು. ಮೇಸ್ತ್ರಿ ತಮ್ಮ ಬಲಗೈಯನ್ನು ಇಬ್ಬರ ನಡುವೆ ಚಾಚಿ, ಅಂಗೈ ಮೇಲೆ ಮಾಡಿ ಇಟ್ಟರು. "ಹೇಳು. ಈಗ ಹೆಂಗೆ ಓಡ್ತಿದೆ?"

ಅವಳು ಬೆರಳು ಎತ್ತಿದಳು. ತಟ್ಟಿ ತೋರಿಸುವಂಥ ಶಬ್ದ ಒಂದೂ ಇರಲಿಲ್ಲ. ದೀಪ ಹಸಿರಾಗುವವರೆಗೆ ಆ ಕೈಯನ್ನು ಸುಮ್ಮನೆ ಹಿಡಿದುಕೊಂಡಳು.