ಖಾಲಿ ಗೋದಲಿ

ಸದಾಶಿವನಗರದ ಆ ಅಪಾರ್ಟ್‌ಮೆಂಟಿನಲ್ಲಿ ಕ್ರೈಸ್ತಳೆಂದರೆ ಶಾಲೆಯ ಟೀಚರ್ ಪ್ರಮಿಳಾ ಒಬ್ಬಳೇ. ಕ್ರಿಸ್‌ಮಸ್ ಪಾರ್ಟಿ ಮಾತ್ರ ಎಲ್ಲರದು. ಸಂಘದ ಕಾರ್ಯದರ್ಶಿ ಅಭಿಜಿತ ಕೇಳಿದನೆಂದು ಅವಳು ಲಿಫ್ಟಿನ ಎದುರು ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿದ್ದಳು. ಗುಂಜಿ ಊರಿನ ತವರಿನಿಂದ ಮಣ್ಣು ತಂದು, ಹಲಗೆಯ ಮೇಲೆ ಹರವಿ, ಗೋಧಿ ಬಿತ್ತಿ ಬೆರಳುದ್ದ ಹಸಿರು ಬರಿಸಿದ್ದಳು. ಮರಿಯ, ಜೋಸೆಫ್, ಕುರಿಗಳು ಎಲ್ಲ ಇದ್ದರೂ ನಡುವಿನ ಹುಲ್ಲಿನ ತೊಟ್ಟಿಲು ಖಾಲಿ. ಖಾನಾಪುರದ ಚರ್ಚಿನಲ್ಲಿ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಬಾಲಯೇಸುವನ್ನು ಮಲಗಿಸುವುದು. ಹಬ್ಬವೆಂದರೆ ಅವಳಿಗೆ ಆ ಕಾಯುವಿಕೆಯೇ.

ಹಬ್ಬದ ಹಿಂದಿನ ಸಂಜೆ ಖಾನಾಪುರಕ್ಕೆ ಹೊರಟು ಕೆಳಗಿಳಿದರೆ, ಪಾರ್ಟಿಗೆ ಎಲ್ಲರೂ ಸೇರಿದ್ದರು; ತೊಟ್ಟಿಲಲ್ಲಿ ಹಿತ್ತಾಳೆಯ ಬಾಲಕೃಷ್ಣ. ಅಂಬೆಗಾಲಿಟ್ಟು ಬೆಣ್ಣೆ ಹಿಡಿದಿದ್ದ.

"ಯಾರಿಟ್ರಿ ಇದನ್ನ?"

"ನಾನ ರೀ, ಟೀಚರ್." ಅಭಿಜಿತ ತಲೆಯ ಮೇಲಿನ ಕೆಂಪು ಟೊಪ್ಪಿಗೆ ಸರಿಮಾಡಿಕೊಂಡ. "ನಿಮ್ಮ ಕೂಸು ಎಲ್ಲೋ ಕಳದೈತಿ ಅಂತ ರವಿವಾರ ಪೇಟಿಗೆ ಹೋಗಿ ತಂದೆ. ಫೋಟೋದಾಗ ಖಾಲಿ ಕಾಣ್ತಿತ್ತು."

"ಕಳದಿಲ್ಲ. ಇನ್ನೂ ಹುಟ್ಟಿಲ್ಲ."

ಅವನು ನಕ್ಕ. "ಇದರಾಗ ಧರ್ಮ ಯಾಕ ತರ್ತೀರಿ? ಕ್ರಿಸ್‌ಮಸ್ ಅಂದ್ರ ಈಗ ಎಲ್ಲಾರ ಹಬ್ಬ. ಕೇಕು, ಲೈಟು, ಹುಡುಗ್ರಿಗೆ ಗಿಫ್ಟು. ಇದು ಬರೇ ಡೆಕೋರೇಶನ್ ರೀ."

ಪ್ರಮಿಳಾ ಬಗ್ಗಿ ಬಾಲಕೃಷ್ಣನತ್ತ ಕೈಚಾಚಿದಳು.

"ಚಪ್ಪಲ್ ಹಾಕ್ಕೊಂಡು ಮುಟ್ಟಬ್ಯಾಡ್ರಿ. ದೇವರು ಅದು."

ಅವಳ ಕೈ ಅಲ್ಲೇ ನಿಂತಿತು. ಕಿವಿಯವರೆಗೂ ಸಿಟ್ಟೇರಿತು. ಚಪ್ಪಲಿ ಬಿಟ್ಟಳು. ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಖರೇ, ಇದು ದೇವರು. ನಂದು ಡೆಕೋರೇಶನ್. ಹೌದಿಲ್ರಿ?"

"ಹಂಗಲ್ಲ ಟೀಚರ್. ನಾವೇನು ಹಬ್ಬ ಬ್ಯಾಡ ಅಂದೇವೇನು?"

"ಬ್ಯಾಡ ಅಂದಿದ್ರ ಜಗಳಾನರ ಆಡ್ತಿದ್ದೆ. ನೀವು ನಕ್ಕೊಂತ ಕರದ್ರಿ. ಹಬ್ಬ ಅಷ್ಟ ಒಳಗ ತಗೊಂಡು ದೇವರನ್ನ ಹೊರಗ ನಿಲ್ಲಿಸಿದ್ರಿ."

ಅವಳು ಹಲಗೆಯನ್ನೇ ಎತ್ತಿದಳು. ಕುರಿಗಳು ಉರುಳಿದವು, ಜೋಸೆಫ್ ಮಣ್ಣಿನಲ್ಲಿ ಮಗುಚಿ ಬಿದ್ದ. ಯಾರೋ ನೆರವಿಗೆ ಬಂದರು, "ದೂರ ಸರೀರಿ," ಎಂದಳು.

ಅಭಿಜಿತ ಮೂರ್ತಿಯನ್ನು ಎಲ್ಲಿಡುವುದೆಂದು ತಿಳಿಯದೆ ಕೇಕಿಟ್ಟ ಮೇಜಿನ ಕಡೆ ನಡೆದ. ಅವನ ತಾಯಿ ಚಂದ್ರಭಾಗಾ ಕುರ್ಚಿಯಿಂದಲೇ ಗದರಿಸಿದರು. "ಅಭೀ, ಅಲ್ಲಿಡಬ್ಯಾಡೋ. ಕೇಕಿನಾಗ ತತ್ತಿ ಐತಿ."

ಬಾಗಿಲಲ್ಲಿದ್ದ ಪ್ರಮಿಳಾ ಅದನ್ನು ಕೇಳಿಸಿಕೊಂಡಳು. ನಗು ಬರಬೇಕಿತ್ತು, ಬರಲಿಲ್ಲ. ಬರಿಗಾಲಲ್ಲೇ ರಸ್ತೆಗಿಳಿದು ಆಟೋ ನಿಲ್ಲಿಸಿದಳು.

"ಎಲ್ಲಿಗ್ರಿ ಅಕ್ಕಾರ?"

"ಖಾನಾಪುರ ಬಸ್ಸಿಗೆ," ಎಂದು ಗೋದಲಿಯನ್ನು ತೊಡೆಯ ಮೇಲಿಟ್ಟುಕೊಂಡಳು. "ಸಾವಕಾಶ ಹೊಡಿಯಪ್ಪಾ, ಇನ್ನೊಂದೂ ಬೀಳಬಾರದು."