ಬಾವಿ ಏರಿದ ದಿನ

ಊರಿನ ಹೊಲಸನ್ನೆಲ್ಲ ಇನ್ನು ಮುಂದೆ ನಗರದವರೇ ವಹಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಕ್ಷೌರದಂಗಡಿಯಲ್ಲಿ ಒಬ್ಬ, "ಇಷ್ಟು ದಿನ ನಮ್ಮದನ್ನ ನಾವೇ ನೋಡ್ಕೊಂಡಿದ್ವಿ, ಇನ್ಮೇಲೆ ಅದಕ್ಕೂ ದೊಡ್ಡವರ ಕೈಯೇ ಬೇಕಾಯ್ತಾ?" ಎಂದನಂತೆ. ಕತ್ತರಿ ಹಿಡಿದವನು, "ಬಿಡಿ ಸ್ವಾಮಿ, ನಗರದವರು ನಮ್ಮ ಹತ್ರ ಏನನ್ನಾದ್ರೂ ಪ್ರೀತಿಯಿಂದ ಇಸ್ಕೊಂಡಿದ್ದು ಇದೇ ಮೊದಲು" ಎಂದನಂತೆ. ಊರೆಲ್ಲ ನಗುತ್ತಿದ್ದಾಗ ನಗು ಬಾರದೆ ಕೂತಿದ್ದವಳು ಒಬ್ಬಳೇ. ಅವಳು ಒಳಚರಂಡಿ ಮಂಡಳಿಯ ಕಚೇರಿಯಲ್ಲಿ ಫೋನು ಎತ್ತುವವಳು.

ಮಂಡಳಿ ಎಂದರೆ ಏನೋ ಭಾರಿ ಕಟ್ಟಡ ಎಂದುಕೊಳ್ಳಬೇಡಿ. ದಿಬ್ಬದ ಮೇಲೆ ಒಂದು ಕಚೇರಿ, ತಗ್ಗಿನಲ್ಲಿ ಒಂದು ಪಂಪ್‌ಹೌಸು, ಚರಂಡಿ ಕಟ್ಟಿಕೊಂಡಾಗ ಓಡಾಡಲು ಒಂದು ಗಾಡಿ, ಇವೆಲ್ಲದರ ಮೇಲೆ ಕೂರಲು ಒಬ್ಬ ಅಧ್ಯಕ್ಷರು. ಫೋನು ಎತ್ತುವವಳನ್ನು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಹಲೋ ಎಂದ ಕೂಡಲೇ ಅವಳಿಗೆ ಇದು ಯಾವ ಬೀದಿಯ ಯಾವ ಮನೆ ಎಂದು ಗೊತ್ತಾಗಿಬಿಡುತ್ತಿತ್ತು. ಯಾರ ಮನೆಗೆ ನೆಂಟರು ಬಂದು ತಳವೂರಿದ್ದಾರೆ, ಯಾರ ಮನೆಯ ಸೊಸೆ ಪಾತ್ರೆ ತೊಳೆಯುವ ಕೋಪದಲ್ಲಿ ಎಣ್ಣೆಯನ್ನೆಲ್ಲ ಮೋರಿಗೆ ಸುರಿದಿದ್ದಾಳೆ, ಎಲ್ಲವೂ ಅವಳ ಕಿವಿಗೆ ಬರುತ್ತಿತ್ತು. ಬಂದದ್ದು ಅಲ್ಲೇ ಉಳಿಯುತ್ತಿತ್ತು. ಮನೆಯಲ್ಲಿ ಅತ್ತಿಗೆ ಎಷ್ಟು ಕೆದಕಿ ಕೇಳಿದರೂ ಫೋನಕ್ಕ ತುಟಿಪಿಟಿಕ್ ಎನ್ನುತ್ತಿರಲಿಲ್ಲ.

ಪಂಪ್‌ಹೌಸನ್ನು ನೋಡಿಕೊಳ್ಳುವವನಿಗೆ ಪಂಪಣ್ಣ ಎಂದು ಹೆಸರು ಬಿದ್ದಿತ್ತು. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಊರಿನ ಚರಂಡಿಯ ನೀರೆಲ್ಲ ಹರಿದು ಪಂಪ್‌ಹೌಸಿನ ಆಳವಾದ ಬಾವಿಗೆ ಬೀಳುತ್ತದೆ. ಅದನ್ನು ಮೇಲೆತ್ತಿ ಶುದ್ಧೀಕರಣಕ್ಕೆ ತಳ್ಳುವುದು ಪಂಪಿನ ಕೆಲಸ. ಪಂಪು ಕೈಕೊಟ್ಟರೆ ಬಾವಿ ತುಂಬಿ ಹೊಲಸು ಹೊಳೆಗೆ ಇಳಿಯುತ್ತದೆ. ಬಾವಿಯ ಮೇಲ್ಗಡೆ ಕಿರಿದಾಗುವ ಜಾಗಕ್ಕೆ ಮಂಡಳಿಯವರು ಗಂಟಲು ಎನ್ನುತ್ತಿದ್ದರು. ನೀರು ಗಂಟಲಿಗೆ ಬಂತೆಂದರೆ ಎಲ್ಲರಿಗೂ ಕೈಕಾಲು ಆಡುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಪಂಪಣ್ಣ ಫೋನು ಮಾಡಿ ಬಾವಿಯ ಸಮಾಚಾರ ಒಪ್ಪಿಸಬೇಕು ಎಂಬುದು ಮಂಡಳಿಯ ಕ್ರಮ. ಅದಕ್ಕೆ ಇದ್ದದ್ದು ಮೂರೇ ಮಾತು. ಇಳಿದಿದೆ, ನಿಂತಿದೆ, ಏರಿದೆ. ಇಳಿದಿದ್ದರೆ ಸಂತೋಷ, ನಿಂತಿದ್ದರೆ ಎಚ್ಚರ, ಏರಿದ್ದರೆ ಕೂಡಲೇ ಗಾಡಿ ಕಳಿಸಬೇಕು. ಬೇರೆ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಆದರೂ ಮಾತು ಎಂಬುದು ನೀರಿನ ಹಾಗೆಯೇ, ಸಂದು ಸಿಕ್ಕಲ್ಲಿ ನುಗ್ಗುತ್ತದೆ. ಮೊದಮೊದಲು "ಇಳಿದಿದೆ" ಎಂದು ಫೋನಿಡುತ್ತಿದ್ದವನು ಕ್ರಮೇಣ "ಇಳಿದಿದೆ, ತಿಂಡಿ ಆಯ್ತಾ?" ಎನ್ನತೊಡಗಿದ. ಆಮೇಲೆ ಬಾವಿಯ ಜಾಲರಿಗೆ ಏನೇನು ಸಿಕ್ಕಿತು ಎಂದು ಹೇಳತೊಡಗಿದ. ಚಮಚ, ಗೊಂಬೆಯ ಕಾಲು, ಒಮ್ಮೆ ಒಂದು ಹಲ್ಲಿನ ಸೆಟ್ಟು.

"ಮೇಲಿಂದೋ ಕೆಳಗಿಂದೋ?" ಎಂದು ಫೋನಕ್ಕ ಕೇಳಿದ್ದಳು.

"ಎರಡೂ ಇದೆ. ನನ್ನನ್ನ ನೋಡಿ ನಗ್ತಾ ಇದೆ."

ಆ ಹಲ್ಲು ಯಾರದೆಂದು ಫೋನಕ್ಕನಿಗೆ ಆಗಲೇ ಗೊತ್ತಿತ್ತು. ಹಿಂದಿನ ದಿನ ನಿವೃತ್ತ ಹೆಡ್‌ಮೇಷ್ಟ್ರು ಫೋನು ಮಾಡಿ ಬಾಯಿ ತುಂಬಾ ಗಾಳಿ ತುಂಬಿಕೊಂಡು ಏನೋ ಕೇಳಿದ್ದರು. ಅವಳೂ ಪಂಪಣ್ಣನೂ ಆ ಬೆಳಿಗ್ಗೆ ನಕ್ಕದ್ದು ಅಷ್ಟಿಷ್ಟಲ್ಲ. ಇನ್ನೊಂದು ಸಲ ಅವಳು ಜ್ವರದಲ್ಲಿ ಮಲಗಿ ಕೆಲವು ದಿನ ಕೆಲಸಕ್ಕೆ ಬಂದಿರಲಿಲ್ಲ. ಬಂದ ದಿನ ಅವನು, "ಇಷ್ಟು ದಿನ ಲೈನು ಸರಿ ಇರ್ಲಿಲ್ಲ" ಎಂದ. ಲೈನಿಗೆ ಏನೂ ಆಗಿರಲಿಲ್ಲ. ಅವಳು ಅವತ್ತು ಊಟದ ಡಬ್ಬಿ ತೆರೆಯುವುದನ್ನೇ ಮರೆತಳು.

ಇಬ್ಬರೂ ಎದುರೆದುರು ಕಂಡದ್ದು ಮಂಡಳಿಯ ವಾರ್ಷಿಕ ಸಭೆಗಳಲ್ಲಿ ಮಾತ್ರ. ಅಲ್ಲಿ ಅವನು ಹಿಂದಿನ ಸಾಲಿನಲ್ಲಿ ಕೂತರೆ ಇವಳು ಚಹಾದ ಮೇಜಿನ ಹತ್ತಿರ ನಿಲ್ಲುತ್ತಿದ್ದಳು. ಮುಖ ನೋಡಿದರೆ ಇಬ್ಬರ ಬಾಯಿಗೂ ಬೀಗ. ಉಳಿದ ದಿನ ಅವನು ಪಂಪು ಬಿಟ್ಟು ಬರುವಂತಿರಲಿಲ್ಲ, ಇವಳು ಫೋನು ಬಿಟ್ಟು ಹೋಗುವಂತಿರಲಿಲ್ಲ. ಭಾನುವಾರ ಇವಳಿಗೆ ರಜೆ, ಹೋಗಬಹುದಿತ್ತು. ಆದರೆ ಏನೆಂದು ಹೋಗುವುದು? ಹೊಲಸು ನೋಡಿಕೊಂಡು ಹೋಗೋಣ ಅಂತ ಬಂದೆ ಎನ್ನುವುದೇ? ಮೊಬೈಲು ಇಬ್ಬರ ಹತ್ತಿರವೂ ಇತ್ತು, ನಂಬರೂ ಇತ್ತು. ಆದರೆ ಕಚೇರಿಯ ಫೋನು ಕೆಲಸದ ಫೋನು, ಅದರಲ್ಲಿ ಎಷ್ಟು ಮಾತಾಡಿದರೂ ಯಾರೂ ಹುಬ್ಬೇರಿಸುವಂತಿರಲಿಲ್ಲ. ಮೊಬೈಲಿನಲ್ಲಿ ಒಂದು ಮಾತಾಡಿದರೂ ಅದಕ್ಕೊಂದು ಅರ್ಥ ಬರುತ್ತಿತ್ತು. ಆ ಅರ್ಥ ಬೇಕೆಂದು ಅವಳಿಗೆ ಎಷ್ಟೋ ವರ್ಷದಿಂದ ಆಸೆ ಇತ್ತು, ಒತ್ತುವ ಧೈರ್ಯ ಮಾತ್ರ ಇರಲಿಲ್ಲ. ಅಪ್ಪನ ಕಾಯಿಲೆ, ಆಮೇಲೆ ಅಣ್ಣನ ಮಕ್ಕಳ ಆರೈಕೆ, ಇದರಲ್ಲೇ ಅವಳ ಮದುವೆಯ ಮಾತು ಎತ್ತುವವರು ಎತ್ತುವುದನ್ನೇ ಬಿಟ್ಟಿದ್ದರು. ಪಂಪಣ್ಣನ ಹೆಂಡತಿ ಅವನು ಈ ಕೆಲಸಕ್ಕೆ ಸೇರುವ ಮೊದಲೇ ತೀರಿಕೊಂಡಿದ್ದಳು.

ನಗರದಿಂದ ಇಂಜಿನಿಯರ್ ಬಂದ. ಒಳ್ಳೆಯ ಹುಡುಗ, ಎಲ್ಲರಿಗೂ ನಮಸ್ಕಾರ ಹೇಳಿ, ಬಾವಿಗೆ ಒಂದು ಪುಟ್ಟ ಯಂತ್ರ ಇಳಿಬಿಟ್ಟು ಬಂದು ಫೋನಕ್ಕನ ಮೇಜಿನ ಎದುರು ಕೂತ.

"ಇನ್ಮೇಲೆ ಈ ಫೋನೆಲ್ಲ ಬೇಕಾಗಲ್ಲ ಮೇಡಂ. ಬಾವಿ ತಾನೇ ಮಾತಾಡುತ್ತೆ."

"ಯಾರ ಹತ್ರ?"

"ನಗರದಲ್ಲಿರೋ ಕಂಪ್ಯೂಟರ್ ಹತ್ರ. ಪಂಪೂ ಅಷ್ಟೆ, ತಾನೇ ಶುರುವಾಗಿ ತಾನೇ ನಿಲ್ಲುತ್ತೆ."

ಫೋನಕ್ಕನಿಗೆ ಆ ಕಾಣದ ಕಂಪ್ಯೂಟರಿನ ಮೇಲೆ ಹೊಟ್ಟೆಕಿಚ್ಚಾಯಿತು. ಅವಳಿಗೆ ನಗರದ ದೊಡ್ಡ ಹಾಲಿನಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡ ಸಾಲಿನಲ್ಲಿ, ಒಂದು ಕುರ್ಚಿ ಕೊಟ್ಟಿದ್ದರು. ಪಂಪಣ್ಣನಿಗೆ ಕುರ್ಚಿ ಇರಲಿಲ್ಲ. ಅವನು ಪಂಪ್‌ಹೌಸಿನ ಪಕ್ಕದ ಕೋಣೆಯನ್ನು ಕೊನೆಯ ದಿನವೇ ಖಾಲಿ ಮಾಡಬೇಕಿತ್ತು.

"ಅಕ್ಕ ಬಂದಿರು ಅಂತಿದಾಳೆ" ಎಂದ ಒಂದು ಬೆಳಿಗ್ಗೆ. "ದೂರ. ಒಂದು ಹಗಲು ಪ್ರಯಾಣ."

"ಹೋಗ್ತೀರಾ?"

"ಏನ್ ಮಾಡ್ಲಿ ಹೇಳಿ?"

ಆ 'ಹೇಳಿ' ಎಂಬುದನ್ನು ಫೋನಕ್ಕ ಮನೆಗೆ ಒಯ್ದಳು. ಅದು ಮಾತಿಗೆ ಅಂದದ್ದೋ ನಿಜವಾಗಿ ಕೇಳಿದ್ದೋ ಎಂದು ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಹೋಗಬೇಡಿ ಎನ್ನಬೇಕೆಂದು ಪ್ರತಿ ಬೆಳಿಗ್ಗೆ ಹಲೋ ಎಂದಳು, ಪ್ರತಿ ಬೆಳಿಗ್ಗೆ ತಿಂಡಿ ಆಯ್ತಾ ಎಂದು ಕೇಳಿ ಇಟ್ಟಳು. ಕೊನೆಯ ದಿನದ ಕೊನೆಯ ಫೋನು ಇದೆಯಲ್ಲ, ಅದರಲ್ಲಿ ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು. ಮಧ್ಯಾಹ್ನಕ್ಕೆ ಲೈನು ನಗರಕ್ಕೆ ಹೋಗುತ್ತಿತ್ತು. ಅದಾದ ಮೇಲೆ ಅವನಿಗೆ ಫೋನು ಮಾಡಲು ಅವಳಿಗೆ ಕೆಲಸದ ನೆಪವೇ ಇರುತ್ತಿರಲಿಲ್ಲ.

ಆ ದಿನ ಬಂತು. ಕಚೇರಿಯ ಮುಂದೆ ಅಧ್ಯಕ್ಷರು ಫೋಟೋಗೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಡ್ರೈವರು ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಒಳಗೆ ಫೋನು ರಿಂಗಾಯಿತು. ಫೋನಕ್ಕ ಬಾಗಿಲು ಮುಂದೆ ಮಾಡಿ ರಿಸೀವರ್ ಎತ್ತಿದಳು. ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು.

"ಏರಿದೆ" ಎಂದ ಪಂಪಣ್ಣ.

"ಏರಿದ್ಯಾ? ಎಲ್ಲೀವರೆಗೆ?"

"ಗಂಟಲವರೆಗೂ ಬಂದಿದೆ." ಅವನ ದನಿ ಎಂದಿನಂತಿರಲಿಲ್ಲ. "ಯಾರಾದ್ರೂ ಬರ್ಬೇಕು."

"ಅಯ್ಯೋ ದೇವರೇ, ಇವತ್ತೇನಾ?"

"ಇವತ್ತೇ ಬರ್ಬೇಕು. ಇವತ್ತು ಬಿಟ್ರೆ ಆಗಲ್ಲ."

"ಗಾಬರಿ ಮಾಡ್ಕೋಬೇಡಿ. ಈಗ್ಲೇ ಗಾಡಿ ಕಳಿಸ್ತೀನಿ."

"ಗಾಡಿನಾ" ಎಂದ ಅವನು. ಆಮೇಲೆ, "ಆಯ್ತು. ಕಳಿಸಿ" ಎಂದು ಫೋನಿಟ್ಟ.

ಇಷ್ಟು ವರ್ಷ ಆ ಪದ ಕೇಳಿದಾಗಲೆಲ್ಲ ಮಾಡಿದ್ದನ್ನೇ ಅವಳು ಅಂದೂ ಮಾಡಿದಳು. ಹೊರಗೆ ಓಡಿ ಡ್ರೈವರನ್ನೂ ಮೇಸ್ತ್ರಿಯನ್ನೂ ಫೋಟೋದ ಸಾಲಿನಿಂದ ಎಳೆದು ಗಾಡಿ ಹತ್ತಿಸಿದಳು. ನಗರದವರ ಕೈಗೆ ಕೊಡುವ ದಿನವೇ ಹೊಳೆಗೆ ಹೊಲಸು ಬಿಟ್ಟೆವು ಎಂಬ ಮಾತು ಬರಬಾರದೆಂದು ಅಧ್ಯಕ್ಷರು ಬೆವರಿದರು. ಫೋಟೋಗ್ರಾಫರು ಮೂಗು ಮುರಿದ. ಫೋನಕ್ಕ ಮಾತ್ರ, ಗಡಿಬಿಡಿಯಲ್ಲಿ ಹೇಳಬೇಕಾದ್ದು ಬಾಯಲ್ಲೇ ಉಳಿಯಿತಲ್ಲ ಎಂದು ಹಣೆ ಚಚ್ಚಿಕೊಂಡಳು. ಗಾಡಿ ಅಲ್ಲಿ ಮುಟ್ಟಿದ ಮೇಲೆ ಅವನೇ ಮತ್ತೆ ಫೋನು ಮಾಡಿಯಾನು ಎಂದು ಕಾದಳು. ಮಾಡಲಿಲ್ಲ.

ಡ್ರೈವರು ಉರಿಮುಖ ಮಾಡಿಕೊಂಡು ಬಂದ.

"ಏನಕ್ಕಾ ಇದು? ಬಾವಿಲಿ ಬೊಗಸೆ ನೀರಿಲ್ಲ! ಪಂಪು ಗುಂಯ್ ಅಂತ ಓಡ್ತಾ ಇದೆ. ನಾವು ಪೈಪು ಹೊತ್ಕೊಂಡು ಓಡೋಡಿ ಹೋದ್ರೆ ಆ ಪಂಪಣ್ಣ ನಮ್ಮನ್ನ ನೋಡಿ, 'ನೀವು ಬಂದ್ರಾ' ಅಂತ ಮುಖ ಇಷ್ಟು ಮಾಡ್ಕೊಂಡ."

"ಮತ್ತೇನು ಮಾಡ್ತಿದ್ರು ಅವರು?"

"ಮಾಡೋದೇನು? ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಗಡ್ಡ ತೆಗೆದು, ಅಂಗಳ ಗುಡಿಸಿ, ಎರಡು ಲೋಟ ತೊಳೆದಿಟ್ಕೊಂಡು ಕೂತಿದ್ದ. ಅವನನ್ನ ಕರ್ಕೊಂಡು ಹೋಗೋಕೆ ನಿನ್ನೆ ಬಂದ ಅಕ್ಕ ಒಳಗೆ ಸಾಮಾನು ಕಟ್ತಿದ್ಲು. ಚಹಾ ಕುಡೀತೀರಾ ಅಂದ. ಅವನೂ ಸೇರಿ ಮೂರು ಜನ, ಲೋಟ ಎರಡೇ. ಬೇಡ ಮಾರಾಯ ಅಂತ ಬಂದ್ವಿ. ವಯಸ್ಸಾಯ್ತು ಅಕ್ಕ, ಅರಳುಮರಳು."

ಗಂಟಲವರೆಗೂ ಬಂದದ್ದು ಏನೆಂದು ಫೋನಕ್ಕನಿಗೆ ಈಗ ಹೊಳೆಯಿತು. ಆ ಮನುಷ್ಯನಿಗೆ ಗೊತ್ತಿದ್ದದ್ದು ಮೂರೇ ಮಾತು, ಅದರಲ್ಲಿ ಒಂದನ್ನು ಆರಿಸಿ ಅವಳನ್ನು ಕರೆದಿದ್ದ. ಅವಳು ಅದಕ್ಕೆ ಉತ್ತರವಾಗಿ ಪೈಪು, ಸಲಾಕೆ, ಮೇಸ್ತ್ರಿಯನ್ನು ಕಳಿಸಿದ್ದಳು. ಅವಳಿಗೆ ಅಳು ಬಂತು, ನಗುವೂ ಬಂತು, ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟೂ ಬಂತು.

ರಿಸೀವರ್ ಎತ್ತಿದಳು. ಲೈನು ಆಗಲೇ ನಗರದ ಪಾಲಾಗಿತ್ತು, ಒಂದು ಇಂಪಾದ ಹೆಣ್ಣುದನಿ, ನಗರದ ಒಳಚರಂಡಿ ವಿಭಾಗಕ್ಕೆ ಸ್ವಾಗತ ಎಂದಿತು. ಮೊಬೈಲು ತೆಗೆದು, ಎಷ್ಟೋ ವರ್ಷ ಒತ್ತದ ಹೆಸರನ್ನು ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. "ಗಾಡಿ ತೆಗಿಯಪ್ಪ, ನನ್ನನ್ನ ಅಲ್ಲಿಗೆ ಬಿಡು" ಎಂದರೆ ಡ್ರೈವರು ಕೈ ಅಲ್ಲಾಡಿಸಿದ. ಕೀಲಿ ಆಗಲೇ ನಗರದವರ ಜೇಬು ಸೇರಿತ್ತು.

"ಫೋನಕ್ಕ, ಫೋಟೋ!" ಎಂದು ಅಧ್ಯಕ್ಷರು ಕೂಗುತ್ತಿದ್ದಂತೆಯೇ ಅವಳು ಗೇಟು ದಾಟಿ ದಿಬ್ಬ ಇಳಿದಳು. ಲಾಂಡ್ರಿ, ಶಾಲೆಯ ಹಿಂಬದಿ, ಮರದ ಡಿಪೋ, ಆಮೇಲೆ ಹುಲ್ಲು ಬೆಳೆದ ಕಾಲುದಾರಿ. ದಾರಿ ಬಹಳ ದೂರ ಇರುತ್ತದೆ, ಎಲ್ಲಾದರೂ ಕೂತು ಸುಧಾರಿಸಿಕೊಳ್ಳಬೇಕಾದೀತು ಎಂದುಕೊಂಡಿದ್ದಳು. ಇನ್ನೂ ಏದುಸಿರು ಬರುವ ಮೊದಲೇ ಪಂಪ್‌ಹೌಸಿನ ಗೋಡೆ ಕಂಡಿತು. ಅದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ, ಸಂಕಟವಾಯಿತು.

ಅಂಗಳದಲ್ಲಿ ಒಂದು ಟೆಂಪೋ ನಿಂತಿತ್ತು. ಮಂಚ, ಟ್ರಂಕು, ಸ್ಟವ್ವು ಎಲ್ಲ ಏರಿಯಾಗಿತ್ತು. ಪಂಪಣ್ಣನ ಅಕ್ಕನ ಮಗ ಹಗ್ಗ ಬಿಗಿಯುತ್ತಿದ್ದ. ಮುಂದಿನ ಸೀಟಿನಲ್ಲಿ ಆ ಅಕ್ಕ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಪಂಪಣ್ಣ ಖಾಲಿ ಕೋಣೆಯ ಬಾಗಿಲೆಳೆದುಕೊಂಡು ತಿರುಗಿದವನು ಅವಳನ್ನು ಕಂಡು ಹಾಗೇ ನಿಂತ. ಶರ್ಟಿನ ಇಸ್ತ್ರಿ ಆಗಲೇ ಮುರಿದಿತ್ತು.

"ಗಾಡಿ ಬಂದಿತ್ತು" ಎಂದ.

"ಹೌದು. ನಾನೇ ಕಳಿಸಿದ್ದು."

"ಇಷ್ಟು ಬೇಗ ಯಾವತ್ತೂ ಬಂದಿರ್ಲಿಲ್ಲ."

"ನನಗೆ ಅರ್ಥ ಆಗ್ಲಿಲ್ಲ" ಎಂದಳು ಅವಳು. "ಬಾವಿ ಅಂದ್ರೆ ಬಾವಿ ಅಂದ್ಕೊಂಡೆ."

"ನಾನೂ ಆ ಗಾಡಿನೇ ಉತ್ತರ ಅಂದ್ಕೊಂಡೆ. ಬರಲ್ಲ ಅಂತ ನೀವು ಮರ್ಯಾದೆಯಿಂದ ಹೇಳಿದ್ರಿ ಅಂತ." ಅವನು ಟೆಂಪೋ ಕಡೆ ನೋಡಿದ. "ಸಾಮಾನು ಏರ್ಸಿ ಅಂದ್ಬಿಟ್ಟೆ."

ಕಾಣದೆ ಇದ್ದಾಗ ಅಷ್ಟು ಸಲೀಸಾಗಿ ಹರಿಯುತ್ತಿದ್ದ ಮಾತು ಎದುರಿಗೆ ನಿಂತರೆ ಹೊರಡಲೊಲ್ಲದು. ಅವಳು ಅವನ ಕೈ ನೋಡಿದಳು, ಅವನು ಅವಳ ದೂಳು ಮೆತ್ತಿದ ಚಪ್ಪಲಿ ನೋಡಿದ.

"ಯಾರೋ ಅದು?" ಎಂದಳು ಅಕ್ಕ, ಸೀಟಿನಿಂದಲೇ.

ಪಂಪಣ್ಣ ಗಂಟಲು ಸರಿಮಾಡಿಕೊಂಡ. "ಆಫೀಸಿನವರು, ಅಕ್ಕ."

ಫೋನಕ್ಕನಿಗೆ ಚುರುಕ್ಕೆಂದಿತು. ಹಿಂದಿನ ದಿನವಾಗಿದ್ದರೆ ಹೌದೆಂದು ತಲೆಯಾಡಿಸಿ, ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿ, ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದಳೇನೋ.

"ಆಫೀಸು ಮುಚ್ಚಿತು" ಎಂದಳು. "ಯಾರೂ ನನ್ನನ್ನ ಕಳಿಸಿಲ್ಲ. ನಾನಾಗೇ ಬಂದೆ."

ಅಕ್ಕ ಮಡಿಲಿನ ಚೀಲವನ್ನು ಸೀಟಿನ ಮೇಲಿಟ್ಟು ನಿಧಾನವಾಗಿ ಕೆಳಗಿಳಿದಳು. ಫೋನಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ತಮ್ಮನ ಇಸ್ತ್ರಿ ಶರ್ಟು ನೋಡಿದಳು. ಬೆಳಿಗ್ಗೆಯಿಂದ ಅವನು ಏಕೆ ಹೊರಗೂ ಒಳಗೂ ಓಡಾಡುತ್ತಿದ್ದ ಎಂಬುದು ಅವಳಿಗೆ ತಿಳಿದಂತಿತ್ತು.

"ಇಷ್ಟು ವರ್ಷ ಎಲ್ಲಿದ್ದೆ ತಾಯಿ?"

ಫೋನಕ್ಕ ಕೈಯೆತ್ತಿ ತೋರಿಸಿದಳು. ಮರದ ಡಿಪೋದ ಮೇಲ್ಗಡೆ, ದಿಬ್ಬದ ನೆತ್ತಿಯಲ್ಲಿ, ಕಚೇರಿಯ ಕಿಟಕಿ ಸ್ಪಷ್ಟವಾಗಿ ಕಾಣುತ್ತಿತ್ತು. "ಅಲ್ಲೇ ಇದ್ದೆ."

ಅಕ್ಕ ಆ ಕಿಟಕಿಯನ್ನು ನೋಡಿದಳು. ಹಗ್ಗ ಬಿಗಿಯುತ್ತಿದ್ದ ಮಗನೂ ನೋಡಿದ.

"ಇದು ಕೂಗಳತೆ ದೂರ ಅಲ್ವೇನೋ!" ಎಂದಳು ತಮ್ಮನಿಗೆ. "ಒಂದ್ಸಲನಾದ್ರೂ ಹೋಗಿ ಮಾತಾಡ್ಬೇಕು ಅನ್ನಿಸ್ಲಿಲ್ವೇನೋ ನಿಂಗೆ?"

"ದಿನಾ ಬೆಳಿಗ್ಗೆ ಫೋನಲ್ಲಿ ಸಿಗ್ತಿದ್ರು ಅಕ್ಕ." ಪಂಪಣ್ಣ ನೆಲ ನೋಡುತ್ತ ಹೇಳಿದ. "ಅಷ್ಟೇ ಸಾಕಾಗ್ತಿತ್ತು."

"ನನಗೆ ಸಾಕಾಗ್ತಿರ್ಲಿಲ್ಲ" ಎಂದಳು ಫೋನಕ್ಕ.